ಕಾಣದ ನೀರಿನ ಒಡೆತನ

2024ರ ಮಾರ್ಚ್ ತಿಂಗಳಿನ ಒಂದು ಸಂಜೆ, ಶಿರಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಅಡಿಕೆ ತೋಟದಂಚಿಗೆ ಒಂದು ಗುರುತಿನ ಕಲ್ಲನ್ನು ನೆಡಲಾಯಿತು. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ತೋಟವನ್ನೆಲ್ಲ ಸುತ್ತಿದ ನೀರು ನೋಡುವವನು, ಕಾಯಿ ನೆಟ್ಟಗೆ ಎದ್ದು ನಿಂತ ಸ್ಥಳವೇ ಪಾಯಿಂಟೆಂದು ಹೇಳಿ, ಕಾಣಿಕೆ ಪಡೆದು ಹೊರಟುಹೋದನು. ಕೊರೆಯುವ ಲಾರಿ ಮೂರನೆಯ ದಿನ ಬರುವುದೆಂದು ಕಿರಿಯ ಮಗ ಶಿರಾದಲ್ಲಿ ಮಾತನಾಡಿ ಬಂದಿದ್ದನು. ಸಾವಿರದ ಇನ್ನೂರು ಅಡಿಯವರೆಗೆ ಇಳಿಯಲು ಬೇಕಾದ ಹಣವೂ ಹೇಗೋ ಹೊಂದಿತ್ತು.

ಹಿಂದಿನ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಮನೆಯ ಕೊಳವೆಬಾವಿ ಅರ್ಧ ತಾಸು ನೀರೆತ್ತಿದರೆ ಮುಂದಿನ ಒಂದು ತಾಸು ಗಾಳಿಯನ್ನೇ ಉಗುಳುತ್ತಿತ್ತು. ಇಂತಹ ಸಮಯದಲ್ಲಿ ಇನ್ನೊಂದನ್ನು ಕೊರೆಸುವುದು ಆ ಸೀಮೆಯಲ್ಲಿ ಯಾರ ಕಣ್ಣಿಗೂ ತಪ್ಪಾಗಿ ಕಾಣುವ ಕಾರ್ಯವಲ್ಲ. ಆದರೂ ಹೊತ್ತು ಮುಳುಗುವ ಮುನ್ನ ಊಟಕ್ಕೆ ಕರೆದಾಗ ಮೇಷ್ಟರು ಏಳಲಿಲ್ಲ. ಕಲ್ಲು ನೆಟ್ಟ ಸ್ಥಳಕ್ಕೂ ಪಕ್ಕದ ಹೊಲದ ಬದುವಿಗೂ ಇಪ್ಪತ್ತು ಮಾರು ಮಾತ್ರ ಅಂತರ. ಬದುವಿನಾಚೆ ನಾನೂರು ಅಡಿಯ ಒಂದು ಹಳೆಯ ಕೊಳವೆಬಾವಿ. ಅದನ್ನು ನಂಬಿಕೊಂಡು ಒಬ್ಬ ವಿಧವೆ, ಆಕೆಯ ಸೊಸೆ, ಶಾಲೆಗೆ ಹೋಗುವ ಒಬ್ಬ ಮೊಮ್ಮಗ.

ಎಪ್ಪತ್ತೆಂಟು ವರ್ಷದ ಆ ಹಿರಿಯರಿಗೆ ಈ ಇಪ್ಪತ್ತು ಮಾರಿನ ಲೆಕ್ಕ ಹೊಸತಾಗಿರಲಿಲ್ಲ. ಅದನ್ನು ತಿಳಿಯಬೇಕಾದರೆ ಅವರ ತಾತ ತೋಡಿಸಿದ್ದ ಬಾವಿಯಿಂದ ಆರಂಭಿಸಬೇಕು.

ಆ ಬಾವಿಯ ಆಳ ನಲವತ್ತೆರಡು ಅಡಿ. ನಾಲ್ಕೂ ಕಡೆ ಕಲ್ಲು ಕಟ್ಟಿ, ಒಂದು ಪಾರ್ಶ್ವದಲ್ಲಿ ಮೆಟ್ಟಿಲು ಬಿಟ್ಟಿದ್ದರು. ಕಪಿಲೆ ಹೊಡೆಯುವ ಎತ್ತುಗಳು ಇಳಿಜಾರಿನಲ್ಲಿ ಇಳಿದಷ್ಟೇ ನೀರು ಮೇಲಕ್ಕೆ. ಎತ್ತು ದಣಿದರೆ ಬಾವಿಗೂ ವಿಶ್ರಾಂತಿ. ಮೇಷ್ಟರ ತಾಯಿ ಕುಡಿಯುವ ನೀರನ್ನು ದಪ್ಪ ಬಟ್ಟೆಯನ್ನು ಇಮ್ಮಡಿಸಿ ಸೋಸುತ್ತಿದ್ದರು. ಬಟ್ಟೆಯಲ್ಲಿ ಉಳಿದುದನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಕೊಡದಲ್ಲಿ ತುಂಬಿ, ಎಲ್ಲಿಂದ ತಂದಿದ್ದರೋ ಅದೇ ಬಾವಿಯ ನೀರಿನ ಮಟ್ಟದವರೆಗೆ ಇಳಿಸಿ, ಮೆಲ್ಲನೆ ಬಿಟ್ಟು ಬರುತ್ತಿದ್ದರು. ಮೇಲಿನಿಂದ ಸುರಿದರೆ ಜೀವಗಳಿಗೆ ಪೆಟ್ಟಾದೀತೆಂಬ ಎಚ್ಚರ. ಬಾಲ್ಯದಲ್ಲಿ ಇದನ್ನು ಕಂಡು ಬೆಳೆದವರಿಗೆ ಬಾವಿಯೆಂದರೆ ತರುವ ಸ್ಥಳ ಮಾತ್ರವಲ್ಲ, ಹಿಂದಿರುಗಿಸುವ ಸ್ಥಳವೂ ಆಗಿತ್ತು.

1987ರ ಬರದಲ್ಲಿ ಆ ಬಾವಿ ಬತ್ತಿತು. ಆಮೇಲೆ ಮಳೆಗಾಲದ ಕೆಲವು ವಾರಗಳಲ್ಲಿ ಬಿಟ್ಟರೆ ತುಂಬಲೇ ಇಲ್ಲ. 1991ರಲ್ಲಿ ಮೊದಲ ಕೊಳವೆಬಾವಿ ಇನ್ನೂರಿಪ್ಪತ್ತು ಅಡಿಗೆ ನೀರು ಕೊಟ್ಟಿತು. ತಾಯಿ ಅದರ ನೀರನ್ನೂ ಸೋಸಿದರು. ಆದರೆ ಬಟ್ಟೆಯಲ್ಲುಳಿದುದನ್ನು ಎಲ್ಲಿಗೆ ಬಿಡುವುದು? ಆರೂವರೆ ಅಂಗುಲದ ರಂಧ್ರದೊಳಗೆ ಕೇಸಿಂಗ್ ಪೈಪು, ಅದರೊಳಗೆ ಮೋಟಾರಿನ ಪೈಪು, ಮೇಲೆ ಮುಚ್ಚಳ. ಆ ಮುದುಕಿ ಕೊಡವನ್ನು ಹಿಡಿದುಕೊಂಡು ಒಂದು ಗಳಿಗೆ ಅಲ್ಲಿಯೇ ನಿಂತು, ಬಳಿಕ ಹಳೆಯ ಬಾವಿಯ ಕಡೆಗೆ ನಡೆದು, ಒಣಗಿದ ತಳವನ್ನು ನೋಡಿ ಹಿಂದಿರುಗಿದ್ದನ್ನು ಮೇಷ್ಟರು ಮರೆತಿಲ್ಲ.

ಎರಡನೆಯ ಕೊಳವೆಬಾವಿ ಕೊರೆದದ್ದು 2003ರಲ್ಲಿ. ಸತತ ಮೂರು ವರ್ಷ ಮಳೆ ಸರಿಯಾಗಿ ಬಂದಿರಲಿಲ್ಲ. ನಾನೂರೆಂಬತ್ತು ಅಡಿಗೆ ಮೂರಂಗುಲ ನೀರು ಚಿಮ್ಮಿದಾಗ ಮನೆಯವರೆಲ್ಲ ನೆನೆದು ಸಂಭ್ರಮಿಸಿದರು. ಹದಿನೈದು ದಿನ ಕಳೆಯುವಷ್ಟರಲ್ಲಿ ಬದುವಿನಾಚೆಯ ರೈತನ ತೆರೆದ ಬಾವಿಯಲ್ಲಿ ತಳದ ಕೆಸರು ಕಾಣಿಸಿತು. ಆತನಿಗಿದ್ದದ್ದು ಎರಡು ಎಕರೆ, ಒಂದಷ್ಟು ಕುರಿ. ಒಂದು ಬೆಳಗ್ಗೆ ಬಂದು ಅಂಗಳದಲ್ಲಿ ನಿಂತು, "ಮೇಷ್ಟ್ರೇ, ನಮ್ ಬಾವಿ ನೀರು ಕೆಳಕ್ಕೆ ಹೋಯ್ತು" ಎಂದನು. ದೂರು ಕೊಡುವ ಧ್ವನಿಯಲ್ಲ. ಊರಿನ ಸುದ್ದಿಯೊಂದನ್ನು ತಿಳಿಸುವ ಧ್ವನಿ. "ಏನ್ ಮಾಡೋಕಾಗುತ್ತಪ್ಪಾ, ನಮ್ಮ ಜಮೀನಿನಲ್ಲಿ ನಾವು ಕೊರೆಸಿದ್ವಿ" ಎಂದರು ಮೇಷ್ಟರು. ಆತ ತಲೆಯಾಡಿಸಿ ಹೋದನು. ಯುಗಾದಿಯ ಹೊತ್ತಿಗೆ ಕುರಿಗಳನ್ನು ಮಾರಿ, ಹೆಂಡತಿ ಮಗನೊಡನೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ತೆರಳಿದನು. ಹನ್ನೊಂದು ವರ್ಷಗಳ ನಂತರ ಸಾಲ ಮಾಡಿ ಆ ನಾನೂರು ಅಡಿಯ ಬಾವಿ ಕೊರೆಸಿ, ಎರಡು ಬೆಳೆ ಕಂಡು, ತೀರಿಕೊಂಡನು.

ಶಾಲೆಯಲ್ಲಿ ಮೂವತ್ತು ವರ್ಷ ಪೌರನೀತಿ ಬೋಧಿಸಿದವರು ತಮ್ಮ ಆ ಒಂದು ವಾಕ್ಯವನ್ನು ಆಮೇಲೆ ಎಷ್ಟೋ ಬಾರಿ ತಿರುವಿ ನೋಡಿದ್ದಾರೆ. ಅದರಲ್ಲಿ ಸುಳ್ಳಿರಲಿಲ್ಲ. ತುಮಕೂರಿನಲ್ಲಿ ವಕೀಲಿ ಮಾಡುವ ಅಕ್ಕನ ಮಗ ಕಾನೂನಿನ ಪುಸ್ತಕ ತೆರೆದು ತೋರಿಸಿದಾಗ, ಅದು ಬಹುಮಟ್ಟಿಗೆ ಕಾಯ್ದೆಯ ಭಾಷೆಯೇ ಆಗಿದ್ದುದನ್ನು ಕಂಡು ಅವರಿಗೆ ಸಮಾಧಾನವಾಗುವ ಬದಲು ಕಸಿವಿಸಿಯಾಯಿತು.

ಆ ಕಾಯ್ದೆಯ ಮೂಲ ಇಂಗ್ಲೆಂಡಿನಲ್ಲಿದೆ. ಲ್ಯಾಂಕಾಶೈರಿನ ಹತ್ತಿ ಗಿರಣಿಯೊಂದಕ್ಕೆ ನೀರೊದಗಿಸುತ್ತಿದ್ದ ಬಾವಿಯು, ನೆರೆಯವನು ತನ್ನ ನೆಲದಲ್ಲಿ ಕಲ್ಲಿದ್ದಲಿಗಾಗಿ ಗುಂಡಿ ತೋಡಿದ್ದರಿಂದ ಬತ್ತಿತು. ಆಕ್ಟನ್ ಮತ್ತು ಬ್ಲಂಡೆಲ್ ನಡುವಣ ಆ ಮೊಕದ್ದಮೆಯು 1843ರಲ್ಲಿ ತೀರ್ಮಾನವಾಯಿತು. ನೆಲದ ಮೇಲೆ ಹರಿಯುವ ತೊರೆಯ ದಾರಿ ಎಲ್ಲರಿಗೂ ಕಾಣುತ್ತದೆ, ಆದುದರಿಂದ ಅದರಲ್ಲಿ ಕೆಳಗಿನವನಿಗೂ ಹಕ್ಕುಂಟು. ನೆಲದಡಿಯ ನೀರಿನ ದಾರಿಯಾದರೋ ಯಾರಿಗೂ ತಿಳಿಯದು, ಆದುದರಿಂದ ತನ್ನ ನೆಲದಡಿ ಸಿಕ್ಕಿದ್ದನ್ನು ಭೂಮಾಲೀಕನು ತೆಗೆದುಕೊಳ್ಳಬಹುದು, ನೆರೆಯವನ ಬಾವಿ ಬತ್ತಿದರೆ ಅದಕ್ಕೆ ಪರಿಹಾರವಿಲ್ಲ ಎಂಬುದು ನ್ಯಾಯಾಧೀಶರ ವಾದಸರಣಿ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ ಏಳನೆಯ ಪ್ರಕರಣದ ದೃಷ್ಟಾಂತವೊಂದರಲ್ಲಿ ಇದೇ ತತ್ತ್ವ ಬಂದು ಕುಳಿತಿತು: ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ ಅಂತರ್ಜಲವನ್ನೆಲ್ಲ ತನ್ನ ಎಲ್ಲೆಯೊಳಗೆ ಸಂಗ್ರಹಿಸುವ, ವಿನಿಯೋಗಿಸುವ ಹಕ್ಕು ಭೂಮಿಯ ಒಡೆಯನದು.

ಹಾಗೆ ನೋಡಿದರೆ ಭಾರತದ ಜಲನೀತಿಯ ಒಂದು ಅಡಿಗಲ್ಲು ಅಜ್ಞಾನವೇ. ತಿಳಿಯದು ಎಂಬ ಕಾರಣದಿಂದ ಕೊಟ್ಟ ಹಕ್ಕು, ತಿಳಿದ ಮೇಲೆಯೂ ಹಾಗೆಯೇ ಉಳಿದಿದೆ. 1882ರಲ್ಲಿ ಅದರಿಂದ ದೊಡ್ಡ ಹಾನಿಯಾಗುವಂತಿರಲಿಲ್ಲವೆಂಬುದನ್ನೂ ಹೇಳಬೇಕು. ಅಂದು ಆ ಹಕ್ಕಿಗೆ ಎತ್ತಿನ ಬಲವೇ ಎಲ್ಲೆಯಾಗಿತ್ತು. ಹತ್ತು ಅಶ್ವಶಕ್ತಿಯ ಮೋಟಾರು, ರಾತ್ರಿಯೊಂದರಲ್ಲಿ ಸಾವಿರ ಅಡಿ ಕೊರೆಯುವ ಯಂತ್ರ ಇವು ಬಂದ ಮೇಲೆ ಅದೇ ಹಕ್ಕಿನ ಅರ್ಥ ಬೇರೆಯಾಯಿತು.

ಶಿರಾ ಸೀಮೆಯ ನೆಲ ಗಟ್ಟಿ ಕಲ್ಲಿನದು. ಮಳೆಯ ನೀರು ಮೊದಲು ಇಂಗುವುದು ಮೇಲಿನ ಶಿಥಿಲ ಶಿಲೆಯ ಪದರಕ್ಕೆ. ಹಳೆಯ ಬಾವಿಗಳೆಲ್ಲ ಆ ಪದರದ ಕೂಸುಗಳು. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು, ಅದೂ ಸ್ವಲ್ಪ. ಆಳಕ್ಕೆ ಹೋದಷ್ಟೂ ಬಿರುಕುಗಳು ವಿರಳವಾಗುತ್ತವೆ, ಮಳೆಯ ನೀರು ಅಲ್ಲಿಗೆ ತಲುಪುವುದೂ ನಿಧಾನ. ಕೇಸಿಂಗ್ ಪೈಪು ಇಳಿಸುವುದು ಮೇಲಿನ ಸಡಿಲ ಮಣ್ಣಿಗೆ ಮಾತ್ರ. ಅದರ ಕೆಳಗೆ ರಂಧ್ರ ಬರಿದೇ ಇರುತ್ತದೆ. ಆದುದರಿಂದ ಸಾವಿರದ ಇನ್ನೂರು ಅಡಿಯ ರಂಧ್ರವು ತನ್ನ ಆಳದ ನೀರನ್ನು ಮಾತ್ರ ಎತ್ತುವುದಿಲ್ಲ. ನೂರು, ಇನ್ನೂರು, ನಾನೂರು ಅಡಿಗಳಲ್ಲಿ ಅಡ್ಡ ಬಂದ ಬಿರುಕುಗಳ ನೀರೂ ಅದರೊಳಗೆ ಜಾರಿ ಬೀಳುತ್ತದೆ. ಬದುವಿನಾಚೆಯ ಬಾವಿ ಏಕೆ ಬತ್ತುತ್ತದೆ ಎಂಬುದು ಈಗ ದೈವರಹಸ್ಯವಲ್ಲ.

ಒಬ್ಬರು ಕೊಡದೆ ಇರುವುದನ್ನು ತೆಗೆದುಕೊಳ್ಳುವುದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಅದತ್ತಾದಾನವೆಂದು ಹೆಸರು. ನೆರೆಯವನ ಬಿರುಕಿನ ನೀರು ತನ್ನ ರಂಧ್ರಕ್ಕೆ ತಾನಾಗಿಯೇ ಇಳಿದು ಬಂದರೆ ಅದು ಕೊಟ್ಟದ್ದೇ, ಕೊಡದೆ ತೆಗೆದುದೇ? ಕಾಯ್ದೆಗೆ ಇದು ಪ್ರಶ್ನೆಯೇ ಅಲ್ಲ. ಮೇಷ್ಟರಿಗೆ ಆ ಮಾರ್ಚ್ ತಿಂಗಳ ಎರಡು ರಾತ್ರಿಗಳಲ್ಲಿ ಇದೊಂದೇ ಪ್ರಶ್ನೆಯಾಗಿತ್ತು.

ಆದರೆ ಮಗನ ವಾದವೂ ಅಷ್ಟು ಸುಲಭವಾಗಿ ತಳ್ಳಿಹಾಕುವಂತಹದಲ್ಲ. "ಅಪ್ಪಾಜಿ, ನಾವು ಕೊರೆಸದಿದ್ದರೆ ಕೆಳಗಿನ ತೋಟದವರು ಕೊರೆಸುತ್ತಾರೆ. ನೀರು ಹೇಗೂ ಹೋಗುವುದೇ. ನಮ್ಮ ತೋಟವೂ ಹೋದರೆ ಯಾರಿಗೆ ಪುಣ್ಯ ಬಂತು?" ಎಂದನು ಅವನು. ಲೋಭಿಯ ಮಾತಲ್ಲ ಇದು. ಹದಿನಾರು ವರ್ಷ ನೀರೆರೆದು ಬೆಳೆಸಿದ ಅಡಿಕೆ ಮರ ಒಂದು ಬೇಸಿಗೆಯಲ್ಲಿ ಒಣಗಿದರೆ ಮತ್ತೆ ಚಿಗುರುವುದಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ತುಮಕೂರು ಜಿಲ್ಲೆಯ ಬರದ ತಾಲ್ಲೂಕುಗಳು ಬಹುಕಾಲದಿಂದ ಕಾಯುತ್ತಿವೆ; 2023ರ ಕೇಂದ್ರ ಮುಂಗಡಪತ್ರದಲ್ಲಿ ಆ ಯೋಜನೆಗೆ 5,300 ಕೋಟಿ ರೂಪಾಯಿಗಳ ಘೋಷಣೆಯಾಯಿತು, ಘೋಷಣೆಯಿಂದ ಮರಕ್ಕೆ ನೀರಾಗಲಿಲ್ಲ. ನದಿಯ ನೀರು ಬಾರದ ಕಡೆ ರೈತನು ತನ್ನ ಹಣದಿಂದ, ತನ್ನ ಸಾಲದಿಂದ ನೆಲವನ್ನು ಕೊರೆದನು. ದೇಶದಲ್ಲಿ 2017-18ರ ಸಣ್ಣ ನೀರಾವರಿ ಗಣತಿಯ ಪ್ರಕಾರ ಇಂತಹ ಅಂತರ್ಜಲ ಮೂಲಗಳು ಸುಮಾರು 2 ಕೋಟಿ 19 ಲಕ್ಷ. ಸರ್ಕಾರವು ಅಣೆಕಟ್ಟುಗಳ ಶಂಕುಸ್ಥಾಪನೆ ಮಾಡುತ್ತಿದ್ದ ದಶಕಗಳಲ್ಲಿಯೇ, ಯಾವ ಶಂಕುಸ್ಥಾಪನೆಯೂ ಇಲ್ಲದೆ, ಭಾರತವು ಜಗತ್ತಿನಲ್ಲಿಯೇ ಅತಿ ಹೆಚ್ಚು ಅಂತರ್ಜಲ ಎತ್ತುವ ದೇಶವಾಯಿತು. ನೀರಾವರಿಯ ಶೇಕಡಾ 60ಕ್ಕಿಂತ ಹೆಚ್ಚು, ಹಳ್ಳಿಗಳ ಕುಡಿಯುವ ನೀರಿನ ಸುಮಾರು ಶೇಕಡಾ 85 ಭಾಗ ಇಂದು ಈ ಕಾಣದ ಭಂಡಾರದಿಂದಲೇ ಬರುತ್ತಿದೆ.

ಇಷ್ಟಾದರೂ ದೇಶದ ಜಲಾಡಳಿತವು ಕಣ್ಣಿಗೆ ಕಾಣುವ ನೀರನ್ನು ಕುರಿತೇ ಯೋಚಿಸುತ್ತದೆ. ಸಂವಿಧಾನದ ರಾಜ್ಯಪಟ್ಟಿಯ ಹದಿನೇಳನೆಯ ನಮೂದಿನಲ್ಲಿ ನೀರು ಸರಬರಾಜು, ನೀರಾವರಿ, ಕಾಲುವೆ, ಒಡ್ಡು, ಜಲಶಕ್ತಿ ಎಲ್ಲವೂ ಇವೆ, ಅಂತರ್ಜಲವೆಂಬ ಪದವಿಲ್ಲ. ಅಂತರರಾಜ್ಯ ನದಿಗಳಿಗಾಗಿ 1956ರಲ್ಲಿ ಎರಡು ಕಾಯ್ದೆಗಳಾದವು: ಒಂದು ವಿವಾದಗಳನ್ನು ತೀರಿಸಲು, ಇನ್ನೊಂದು ನದೀ ಮಂಡಲಿಗಳನ್ನು ರಚಿಸಿ ಕೂಡಿ ಯೋಜಿಸಲು. ಮೊದಲನೆಯದರ ಕೆಳಗೆ ನ್ಯಾಯಾಧಿಕರಣಗಳು ಒಂದಾದ ಮೇಲೊಂದು ಬಂದವು. ಎರಡನೆಯದರ ಕೆಳಗೆ ಒಂದೇ ಒಂದು ಮಂಡಲಿಯೂ ರಚಿತವಾಗಲಿಲ್ಲ. ಜಗಳವಾಡಲು ಸಿಕ್ಕಷ್ಟು ಆಸಕ್ತಿ ಕೂಡಿ ಕುಳಿತುಕೊಳ್ಳಲು ಸಿಗಲಿಲ್ಲ. ಕೇಂದ್ರದಲ್ಲಿಯೂ ನದಿಗೆ ಒಂದು ಕಚೇರಿ, ಅಂತರ್ಜಲಕ್ಕೆ ಇನ್ನೊಂದು. 1945ರಲ್ಲಿ ಮೂಲವಿರುವ ಕೇಂದ್ರ ಜಲ ಆಯೋಗ ಹೊಳೆಯನ್ನು ಅಳೆಯುತ್ತದೆ. 1970ರಲ್ಲಿ ಆ ಹೆಸರು ಪಡೆದ ಕೇಂದ್ರ ಅಂತರ್ಜಲ ಮಂಡಲಿ ಬಾವಿಯನ್ನು ಅಳೆಯುತ್ತದೆ. ಬೇಸಿಗೆಯ ಹೊಳೆಯಲ್ಲಿ ಹರಿಯುವುದು ಬಹುಪಾಲು ನೆಲದಿಂದ ಜಿನುಗಿದ ನೀರೇ ಎಂಬುದನ್ನು ಹೊಳೆ ದಂಡೆಯ ಹುಡುಗನೂ ಬಲ್ಲ. ಈ ಎರಡನ್ನೂ ಕೂಡಿಸಿ ಒಂದು ರಾಷ್ಟ್ರೀಯ ಜಲ ಆಯೋಗ ರಚಿಸಬೇಕೆಂದು ಮಿಹಿರ್ ಶಾ ಅವರ ಅಧ್ಯಕ್ಷತೆಯ ಸಮಿತಿ 2016ರಲ್ಲಿ ವರದಿ ಕೊಟ್ಟಿತು. 2019ರಲ್ಲಿ ಮಂತ್ರಾಲಯಗಳು ಕೂಡಿ ಜಲಶಕ್ತಿ ಎಂಬ ಹೆಸರಾಯಿತು. ಅದರ ಕೆಳಗೆ ಆ ಎರಡು ಸಂಸ್ಥೆಗಳು ಎರಡಾಗಿಯೇ ಉಳಿದಿವೆ.

ಕನ್ನಡಿಗರಿಗೆ ಇದರ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. 1990ರಲ್ಲಿ ರಚಿತವಾದ ಕಾವೇರಿ ನ್ಯಾಯಾಧಿಕರಣ 2007ರಲ್ಲಿ ಅಂತಿಮ ತೀರ್ಪು ಕೊಟ್ಟಾಗ ತಮಿಳುನಾಡಿನ ಅಂತರ್ಜಲವನ್ನು ಹಂಚಿಕೆಯ ಲೆಕ್ಕಕ್ಕೆ ಹಿಡಿಯಲಿಲ್ಲ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ 10 ಟಿಎಂಸಿಯನ್ನು ಪರಿಗಣಿಸಿ, ಬೆಂಗಳೂರಿನ ಕುಡಿಯುವ ನೀರಿಗೆ 4.75 ಟಿಎಂಸಿ ಸೇರಿಸಿ, ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿತು. ಅದೇ ತೀರ್ಪಿನಲ್ಲಿ, ಅಂತರರಾಜ್ಯ ನದಿಯ ನೀರು ರಾಷ್ಟ್ರದ ಸಂಪತ್ತು, ಯಾವ ರಾಜ್ಯವೂ ಅದರ ಒಡೆತನ ಸಾರುವಂತಿಲ್ಲವೆಂದಿತು. ಆ ದಿನ ರಾಜ್ಯದಲ್ಲಿ ಸಿಹಿ ಹಂಚಿದವರಲ್ಲಿ ಎಷ್ಟು ಮಂದಿ ಈ ಮಾತಿನ ಇನ್ನೊಂದು ಅರ್ಥವನ್ನು ಗಮನಿಸಿದರೋ! ಒಂದು ಇಡೀ ರಾಜ್ಯಕ್ಕೆ ತನ್ನ ನೆಲದ ಮೇಲೆ ಹರಿಯುವ ಹೊಳೆಯ ಒಡೆತನವಿಲ್ಲ. ಎರಡೂವರೆ ಎಕರೆಯ ಒಡೆಯನಿಗೆ ತನ್ನ ನೆಲದಡಿಯ ನೀರಿನ ಒಡೆತನ ಉಂಟು.

ಒಡೆತನವನ್ನು ನಿಯಂತ್ರಿಸುವ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ಕೇಂದ್ರವು 1970ರಲ್ಲಿ ರಾಜ್ಯಗಳಿಗೆ ಒಂದು ಮಾದರಿ ಮಸೂದೆ ಕಳುಹಿಸಿತು. 1992, 1996, 2005ರಲ್ಲಿ ಅದನ್ನೇ ತಿದ್ದಿ ಮತ್ತೆ ಕಳುಹಿಸಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಿಂದಾಗಿ 1997ರಲ್ಲಿ ಕೇಂದ್ರ ಅಂತರ್ಜಲ ಪ್ರಾಧಿಕಾರ ಹುಟ್ಟಿತು. ಕರ್ನಾಟಕವು 1999ರಲ್ಲಿ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ಕೊರೆಯಬಾರದೆಂದು ಕಾಯ್ದೆ ಮಾಡಿತು; 2011ರ ಕಾಯ್ದೆಯಲ್ಲಿ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿಗೆ ಅನುಮತಿ ಕಡ್ಡಾಯವಾಯಿತು. 2012ರ ರಾಷ್ಟ್ರೀಯ ಜಲನೀತಿಯಂತೂ ಅಂತರ್ಜಲವೂ ಸೇರಿದಂತೆ ನೀರನ್ನು ಸಮುದಾಯದ ಸಂಪನ್ಮೂಲವಾಗಿ, ರಾಜ್ಯವು ಜನರ ಪರವಾಗಿ ಧರ್ಮದರ್ಶಿಯಂತೆ ಕಾಪಾಡಬೇಕೆಂದು ಸಾರಿತು. ನೀತಿಯೆಂದರೆ ಹಾರೈಕೆ, ಕಾಯ್ದೆಯೆಂದರೆ ಬದ್ಧತೆ. ಹಾರೈಕೆ 2012ರದು, ಬದ್ಧತೆ ಇನ್ನೂ 1882ರದು.

ತಮ್ಮ ತಾಲ್ಲೂಕು ಅಧಿಸೂಚಿತವೋ ಅಲ್ಲವೋ ಎಂಬುದನ್ನು ಮೇಷ್ಟರ ಮಗ ವಿಚಾರಿಸಿರಲೇ ಇಲ್ಲ. ವಿಚಾರಿಸುವವರು ಕಡಮೆ. ಸಂಜೆ ಬಂದ ಲಾರಿ ಬೆಳಕು ಹರಿಯುವ ಮುನ್ನ ಕೆಲಸ ಮುಗಿಸಿ ಮುಂದಿನ ಊರಿಗೆ ಹೋಗಿರುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ವಿದ್ಯುತ್ತು ಉಚಿತ. ಮೀಟರು ಇರುವುದು ಅಪರೂಪ. ಕೇಂದ್ರ ಪ್ರಾಧಿಕಾರದ 2020ರ ಮಾರ್ಗಸೂಚಿಯು ಕೃಷಿಗೆ ನಿರಾಕ್ಷೇಪಣಾ ಪತ್ರದಿಂದ ವಿನಾಯಿತಿ ಕೊಟ್ಟಿದೆ. ದೇಶದಲ್ಲಿ ಎತ್ತುವ ಅಂತರ್ಜಲದ ಶೇಕಡಾ 87 ಭಾಗ ಕೃಷಿಗೇ ಹೋಗುತ್ತದೆಂದ ಮೇಲೆ, ಆ ಮಾರ್ಗಸೂಚಿ ಕಾಯುವುದು ಉಳಿದ ಹದಿಮೂರನ್ನು ಮಾತ್ರ. ರೈತನ ಮೇಲೆ ಪರವಾನಗಿಯ ಅಧಿಕಾರಿಯನ್ನು ಬಿಡುವುದು ಮೇಲಲ್ಲವೆಂಬ ಮಾತಿನಲ್ಲಿ ಅರ್ಥವಿದೆ. ಲಂಚಕ್ಕೆ ಇನ್ನೊಂದು ಬಾಗಿಲು ತೆರೆದಂತಾದೀತು. ಆದರೆ ಅಧಿಕಾರಿಯೂ ಇಲ್ಲ, ನೆರೆಹೊರೆಯ ಕಟ್ಟುಪಾಡೂ ಇಲ್ಲ ಎಂದಾಗ ಉಳಿಯುವುದು ಯಾರ ಪೈಪು ಉದ್ದವೋ ಅವರ ನ್ಯಾಯ.

ಕಾಣುವ ನೀರಿಗೆ ನಮ್ಮ ಹಿರಿಯರು ಕಟ್ಟುಪಾಡು ಮಾಡಿದ್ದರು. ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿರುವ ನಾಡಿದು. ಕೆರೆಯ ತೂಬನ್ನು ಎತ್ತುವವನು ನೀರುಗಂಟಿ. ಗೌಡನಾದರೂ ಶಾನುಭೋಗನಾದರೂ ತಾನೇ ಹೋಗಿ ತೂಬು ಎತ್ತುವಂತಿರಲಿಲ್ಲ. ನೀರು ಕಡಮೆಯಾದ ವರ್ಷ ಯಾರ ಗದ್ದೆಗೆ ಎಷ್ಟು ಎಂಬುದನ್ನು ಕೂಡಿ ಕುಳಿತು ಗೊತ್ತುಪಡಿಸುತ್ತಿದ್ದರು. ಆ ವ್ಯವಸ್ಥೆಯಲ್ಲಿ ಮೇಲುಕೀಳುಗಳಿದ್ದವು, ತೂಬಿನ ಕೆಳಗೆ ಭೂಮಿಯೇ ಇಲ್ಲದವರಿಗೆ ಏನೂ ದಕ್ಕುತ್ತಿರಲಿಲ್ಲ. ಅದನ್ನು ಸ್ವರ್ಣಯುಗವೆಂದು ಬಣ್ಣಿಸುವುದು ಸಲ್ಲದು. ಆದರೂ ನೀರು ಕಣ್ಣೆದುರು ಇದ್ದುದರಿಂದ ಅದು ಎಲ್ಲರದೆಂಬ ಅರಿವಿತ್ತು. ಕೊಳವೆಬಾವಿಗೆ ನೀರುಗಂಟಿಯಿಲ್ಲ.

ಹಾಗಾದರೆ ಕಾಣದ ನೀರನ್ನು ಕಾಣಿಸುವ ಬಗೆ ಹೇಗೆ? 2008ರಲ್ಲಿ ಮೇಷ್ಟರು ಬಂಧುಗಳೊಬ್ಬರ ಮದುವೆಗೆಂದು ಗಡಿಯಾಚೆ ಅನಂತಪುರ ಜಿಲ್ಲೆಯ ಹಳ್ಳಿಯೊಂದಕ್ಕೆ ಹೋಗಿದ್ದರು. ಅಲ್ಲಿಯ ಗೋಡೆಯೊಂದರ ಮೇಲೆ ತೆಲುಗಿನಲ್ಲಿ ಆ ವರ್ಷದ ಮಳೆ, ಬಾವಿಗಳ ನೀರಿನ ಮಟ್ಟ, ಹಿಂಗಾರಿಗೆ ಉಳಿದಿರುವ ನೀರು, ಅದರಲ್ಲಿ ಯಾವ ಬೆಳೆ ಎಷ್ಟು ಎಕರೆಗೆ ಸಾಕಾದೀತು ಎಂಬ ಲೆಕ್ಕವನ್ನು ಬರೆದಿದ್ದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಆಗಿನ ಆಂಧ್ರಪ್ರದೇಶದ ಬರಪೀಡಿತ ಏಳು ಜಿಲ್ಲೆಗಳಲ್ಲಿ ನಡೆದ ಕಾರ್ಯವದು. ಅಳೆಯುವವರು ರೈತರೇ, ಬರೆಯುವವರೂ ರೈತರೇ. ಯಾರಿಗೂ ದಂಡವಿರಲಿಲ್ಲ, ಯಾರಿಗೂ ಸಬ್ಸಿಡಿಯ ಆಮಿಷವಿರಲಿಲ್ಲ. ನೀರೆಷ್ಟಿದೆಯೆಂದು ತಿಳಿದ ಮೇಲೆ ಅನೇಕರು ಭತ್ತ ಬಿಟ್ಟು ಕಡಮೆ ನೀರಿನ ಬೆಳೆಗಳಿಗೆ ಹೊರಳಿದರೆಂಬುದನ್ನು ವಿಶ್ವಬ್ಯಾಂಕಿನ 2010ರ ಅಧ್ಯಯನವೂ ದಾಖಲಿಸಿದೆ. ಮಹಾರಾಷ್ಟ್ರದ ಹಿವರೆ ಬಜಾರ್ ಗ್ರಾಮವು ಇನ್ನೂ ಮುಂದೆ ಹೋಗಿ, ನೀರಾವರಿಗೆ ಕೊಳವೆಬಾವಿಯೇ ಬೇಡ, ಕಬ್ಬು ಬಾಳೆಯೂ ಬೇಡವೆಂದು ತಾನೇ ಕಟ್ಟು ಮಾಡಿಕೊಂಡು, ಪ್ರತಿ ವರ್ಷ ನೀರಿನ ಆಯವ್ಯಯ ಒಪ್ಪಿಸುತ್ತದೆ.

ಪಂಜಾಬು ಬೇರೆ ದಾರಿ ಹಿಡಿಯಿತು. ಅದರ ಕತೆಯಲ್ಲಿ ಎಚ್ಚರಿಕೆಯಿದೆ. ಬಿರುಬೇಸಿಗೆಯಲ್ಲಿ ಭತ್ತ ನಾಟಿ ಮಾಡಿ ನೀರು ಆವಿಯಾಗಿ ಹೋಗುವುದನ್ನು ತಡೆಯಲು 2009ರಲ್ಲಿ ಕಾಯ್ದೆ ಮಾಡಿ, ಜೂನ್ 10ಕ್ಕೆ ಮುನ್ನ ನಾಟಿ ಮಾಡಬಾರದೆಂದಿತು. ನಾಟಿ ತಡವಾದ್ದರಿಂದ ಕೊಯ್ಲು ತಡವಾಯಿತು. ಗೋಧಿ ಬಿತ್ತಲು ಉಳಿದ ದಿನಗಳು ಕಡಮೆಯಾಗಿ, ಕೂಳೆಗೆ ಬೆಂಕಿಯಿಡುವುದು ಗಾಳಿ ನಿಂತುಹೋಗುವ ಚಳಿಯ ದಿನಗಳಿಗೆ ಜರುಗಿತು. ಹೊಗೆ ದೆಹಲಿಯವರೆಗೆ ಕವಿಯಿತು. ಭತ್ತ ಮಾತ್ರ ಕಡಮೆಯಾಗಲಿಲ್ಲ, ಏಕೆಂದರೆ ಸರ್ಕಾರ ಖಾತರಿಯಾಗಿ ಕೊಳ್ಳುವುದು ಅದನ್ನೇ. 2024ರ ಅಂದಾಜಿನಲ್ಲಿ ಆ ರಾಜ್ಯ ವರ್ಷಕ್ಕೆ ನೂರು ಪಾಲು ತೆಗೆಯಬಹುದಾದಲ್ಲಿ ನೂರೈವತ್ತಕ್ಕೂ ಹೆಚ್ಚು ಪಾಲು ತೆಗೆಯುತ್ತಿದೆ. ಒಂದು ಕೈಯಲ್ಲಿ ನೀರು ಉಳಿಸೆನ್ನುವ ಸರ್ಕಾರ, ಇನ್ನೊಂದು ಕೈಯಲ್ಲಿ ನೀರು ಕುಡಿಯುವ ಬೆಳೆಗೆ ಬೆಲೆ ಕಟ್ಟುತ್ತದೆ.

ಇಡೀ ದೇಶದ ಸರಾಸರಿಯನ್ನು ನೋಡಿದರೆ ಗಾಬರಿಯಾಗಬೇಕಾಗಿಲ್ಲ ಎನ್ನುವವರುಂಟು. 2024ರ ಅಂದಾಜಿನಲ್ಲಿ ತೆಗೆಯುವ ಪ್ರಮಾಣ ಶೇಕಡಾ 60.47. ಆದರೆ ಅದೇ ವರದಿಯ 6,746 ಘಟಕಗಳಲ್ಲಿ 751 ಘಟಕಗಳು ಅತಿಬಳಕೆಯವು. ಅಸ್ಸಾಮಿನ ಬಾವಿಯಲ್ಲಿ ಉಕ್ಕಿದ ನೀರು ಶಿರಾದ ಮರಕ್ಕೆ ಬೀಳುವುದಿಲ್ಲವಾದುದರಿಂದ ಈ ವಿಷಯದಲ್ಲಿ ಸರಾಸರಿಯಷ್ಟು ಮೋಸದ ಅಂಕಿ ಇನ್ನೊಂದಿಲ್ಲ. ನೀರಿನ ಲೆಕ್ಕ ಆಯಾ ಬಂಡೆಯ, ಆಯಾ ಹಳ್ಳದ ಲೆಕ್ಕ. ಕೇಂದ್ರವು ವಿಶ್ವಬ್ಯಾಂಕಿನ ಸಾಲ ಸೇರಿಸಿ 6,000 ಕೋಟಿ ರೂಪಾಯಿಗಳಲ್ಲಿ ರೂಪಿಸಿ 2020ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಆರಂಭಿಸಿದ ಅಟಲ್ ಭೂಜಲ ಯೋಜನೆಯು, ಗ್ರಾಮ ಪಂಚಾಯಿತಿಗಳು ತಮ್ಮ ನೀರಿನ ಆಯವ್ಯಯವನ್ನು ತಾವೇ ಬರೆಯಬೇಕೆಂದದ್ದು ಆದುದರಿಂದಲೇ ಸರಿಯಾದ ದಿಕ್ಕು. ಕೊರತೆಯಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಪಂಚಾಯಿತಿ ಲೆಕ್ಕ ಬರೆದು, ಈ ವರ್ಷ ಇಷ್ಟೇ ಎಂದು ಗೋಡೆಯ ಮೇಲೆ ತೋರಿಸಿದರೂ, ಒಬ್ಬನು ಒಪ್ಪದೆ ಹೊಸ ಬಾವಿ ಕೊರೆದರೆ ಅವನನ್ನು ತಡೆಯುವ ಅಧಿಕಾರ ಆ ಲೆಕ್ಕಕ್ಕಿಲ್ಲ. ನೆಲ ಅವನದು, ನೀರು ಅವನದು. ಒಪ್ಪಿ ನಿಂತ ಹತ್ತು ಜನ ಉಳಿಸಿದ್ದನ್ನು ಒಪ್ಪದ ಒಬ್ಬನು ನ್ಯಾಯವಾಗಿಯೇ ಕೊಂಡೊಯ್ಯಬಹುದು. ಸಂಯಮಿಯನ್ನು ಮೂರ್ಖನನ್ನಾಗಿ ಮಾಡುವ ಈ ಕಾಯ್ದೆ ಇರುವವರೆಗೆ ಮೇಷ್ಟರ ಮಗನಿಗೆ ಸರಿಯಾದ ಉತ್ತರ ಕೊಡುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ನೀರಿನ ಹಕ್ಕನ್ನು ನೆಲದ ಹಕ್ಕಿನಿಂದ ಬೇರ್ಪಡಿಸಿ, ಒಂದೇ ಬಂಡೆಯ ನೀರನ್ನು ಹಂಚಿಕೊಂಡವರ ಒಪ್ಪಂದಕ್ಕೆ ಕಾಯ್ದೆಯ ಬಲ ಕೊಡುವುದು ಅಣೆಕಟ್ಟಿಗಿಂತ ಮೊದಲು ಆಗಬೇಕಾದ ಕೆಲಸ. ಅದಕ್ಕೆ ಸಿಮೆಂಟು ಬೇಕಾಗಿಲ್ಲ.

ಮೂರನೆಯ ದಿನ ಲಾರಿ ಬಂದಿತು. ಮೇಷ್ಟರು ಚಾಲಕನಿಗೆ ಬಂದುಹೋದ ಖರ್ಚನ್ನು ಕೊಟ್ಟು ಕಳುಹಿಸಿದರು. ಮಗ ನಾಲ್ಕು ದಿನ ತಂದೆಯೊಡನೆ ಮಾತನಾಡಲಿಲ್ಲ. ಮೂರು ಎಕರೆಯಲ್ಲಿ ಒಂದು ಎಕರೆ ಅಡಿಕೆಯನ್ನು ಒಣಗಲು ಬಿಟ್ಟು, ಉಳಿದದ್ದಕ್ಕೆ ಡ್ರಿಪ್ ಪೈಪು ಎಳೆಸಿ, ಇದ್ದ ಬಾವಿಯ ಅಲ್ಪ ನೀರಿನಲ್ಲಿಯೇ ಬೇಸಿಗೆ ದಾಟಿಸುವುದೆಂದು ತೀರ್ಮಾನವಾಯಿತು. ಒಣಗಿದ ಮರಗಳನ್ನು ಕಡಿಯುವ ದಿನ ಸೊಸೆ ಅತ್ತಳು. ಬೆಳೆಸಿದ ಕೈಗಳಿಗೆ ಆ ನೋವು ಸಹಜ. ಅದನ್ನು ತ್ಯಾಗವೆಂದು ಹೊಗಳಿ ಮುಚ್ಚಿಡಲಾಗದು.

ಅದಾದ ಕೆಲವು ದಿನಗಳಿಗೆ ಮೇಷ್ಟರು ಬದು ದಾಟಿ ಹೋಗಿ, ಆ ವಿಧವೆಯ ಮನೆಯ ಜಗಲಿಯ ಮೇಲೆ ಕುಳಿತು, ಇಪ್ಪತ್ತೊಂದು ವರ್ಷದ ಹಿಂದಿನ ಮಾತನ್ನು ಎತ್ತಿದರು. ಅಂದು ತಾವು ಕೊರೆಸಿದ್ದರಿಂದಲೇ ನಿಮ್ಮ ಬಾವಿ ಬತ್ತಿತು, ತಾವಾಡಿದ ಮಾತು ಸರಿಯಾಗಿರಲಿಲ್ಲ ಎಂದರು. ಆಕೆ ಮೊರದಲ್ಲಿದ್ದ ಹುಣಸೆಹಣ್ಣಿನಿಂದ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಈಗ್ಯಾಕೆ ಮೇಷ್ಟ್ರೇ ಆ ಮಾತು. ನೀವು ತೆಗೆಸ್ದಿದ್ರೂ ಇನ್ನೊಬ್ರು ತೆಗೆಸ್ತಿದ್ರು" ಎಂದಳು. ಮಗನ ಬಾಯಲ್ಲಿ ಕೇಳಿ ಒಪ್ಪದೆ ಬಂದಿದ್ದ ಮಾತನ್ನೇ ಆಕೆಯ ಬಾಯಲ್ಲಿ ಕೇಳಿ ಮೇಷ್ಟರಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಮಜ್ಜಿಗೆ ಕುಡಿದು ಎದ್ದು ಬಂದರು.

ಏಪ್ರಿಲ್ ಕೊನೆಯಲ್ಲಿ ಕೆಳಗಿನ ತೋಟದವರು ಸಾವಿರದ ನೂರೈವತ್ತು ಅಡಿ ಕೊರೆಸಿದರು. ಒಂದೂವರೆ ಅಂಗುಲ ನೀರು ಬಂದಿತು. ವಿಧವೆಯ ಬಾವಿ ಮೇ ತಿಂಗಳಲ್ಲಿ ಹನ್ನೆರಡು ದಿನ ನಿಂತುಹೋಗಿತ್ತು. ಆ ದಿನಗಳಲ್ಲಿ ಅವರ ಕುಡಿಯುವ ನೀರು ಮೇಷ್ಟರ ಮನೆಯ ಪೈಪಿನಿಂದ ಹೋಯಿತು. ಆ ವರ್ಷದ ಮುಂಗಾರು ಚೆನ್ನಾಗಿ ಹಿಡಿದು, ಎರಡೂ ಬಾವಿಗಳು ಚೇತರಿಸಿಕೊಂಡವು. ಮೇಷ್ಟರು ಈಗ ತಿಂಗಳಿಗೊಮ್ಮೆ, ಅಮಾವಾಸ್ಯೆಯ ಮರುದಿನ, ಕೆಟ್ಟು ನಿಂತ ಹಳೆಯ ಕೊಳವೆಬಾವಿಗೆ ಕಲ್ಲು ಕಟ್ಟಿದ ಹಗ್ಗ ಇಳಿಸಿ, ನೀರು ಮುಟ್ಟಿದ ಗುರುತಿನವರೆಗೆ ಅಳೆದು, ಪಂಪುಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ವಿಧವೆಯ ಮೊಮ್ಮಗ ಹಗ್ಗ ಹಿಡಿಯಲು ಬರುತ್ತಾನೆ. ಕೆಳಗಿನ ತೋಟದವರು ಒಂದೆರಡು ಬಾರಿ ಬಂದು ಗೋಡೆ ಓದಿ ಹೋಗಿದ್ದಾರೆ.

ತೋಟದಂಚಿನ ಗುರುತಿನ ಕಲ್ಲನ್ನು ಮಗ ಇನ್ನೂ ಕಿತ್ತಿಲ್ಲ. ಉಳುವಾಗ ಅದನ್ನು ಬಳಸಿಕೊಂಡು ಹೋಗುತ್ತಾನೆ.